ಹಂಡೆ ನೀರು, ಕಡಲ ಮೀನು

ನಮ್ಮ ಮನೆಯ ಉಪ್ಪಿನ ಡಬ್ಬಿ ಅಡುಗೆಮನೆ ಬಿಟ್ಟು ಅಟ್ಟ ಸೇರಿ ವರ್ಷವೇ ಕಳೆದಿತ್ತು. ಅಂಥ ಮನೆಗೆ ಒಂದು ಸಂಜೆ ಬಕೆಟ್ ತುಂಬ ಉಪ್ಪು ಬಂತು. ತಂದವಳು ನಾನೇ. ಬೆಂಗಳೂರಿನ ಬಸ್ಸಿನಲ್ಲಿ ಪಾರ್ಸಲ್ ಆಗಿ ಬಂದು ಕೊಟ್ಟೂರಿನ ಸ್ಟ್ಯಾಂಡಿನಲ್ಲಿ ಇಳಿದದ್ದನ್ನು ಡ್ಯೂಟಿ ಮುಗಿಸಿಕೊಂಡು ಸೊಂಟದ ಮೇಲಿಟ್ಟು ತಂದೆ. ಅತ್ತೆ ಬಾಗಿಲಲ್ಲೇ ಮುಚ್ಚಳ ತೆಗೆಸಿದರು. ಒಂದು ಚಿಟಿಕೆ ನಾಲಿಗೆಗೆ ಹಚ್ಚಿ ನನ್ನ ಮುಖ ನೋಡಿದರು.

“ಮಗನ ಬಾಯಿಗಿಲ್ಲದ ಉಪ್ಪು ಮೀನಿಗ್ಯಾಕ ಬೇ?”

ಉತ್ತರ ನನ್ನ ಹತ್ತಿರ ಇತ್ತು, ಹೇಳುವ ತಾಳ್ಮೆ ಇರಲಿಲ್ಲ. ದಿನವಿಡೀ ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ ಎಂದು ಕೂಗಿ ಕೂಗಿ ಗಂಟಲು ಕಟ್ಟಿರುತ್ತದೆ. ಕಂಡಕ್ಟರ್ ಕೆಲಸಕ್ಕೆ ಬಾಯಿ ಜೋರಿರಬೇಕು, ನನಗೆ ಅದು ಹುಟ್ಟಿನಿಂದಲೇ ಇತ್ತು ಎಂದು ತವರಿನವರು ಹೇಳುತ್ತಾರೆ. ಹೆಂಗಸರಿಗೆ ಟಿಕೆಟ್ ಬಿಟ್ಟಿಯಾದ ಮೇಲಂತೂ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಸೀಟಿನ ಜಗಳ ಬಿಡಿಸಿ ಬಿಡಿಸಿ ಮನೆಗೆ ಬರುವ ಹೊತ್ತಿಗೆ ಸಿಟ್ಟು ಮೂಗಿನ ತುದಿಗೆ ಬಂದಿರುತ್ತದೆ. “ಮನ್ಯಾಗ ಸಮುದ್ರ ಮಾಡ್ತಾರಂತ. ನಿಮ್ಮ ಮಗನ್ನ ಕೇಳ್ರಿ” ಎಂದು ಒಳಗೆ ಹೋದೆ.

ಇವರು, ಅಂದರೆ ನನ್ನ ಗಂಡ, ಅದಿರು ಲಾರಿಯ ಡ್ರೈವರ್ ಆಗಿದ್ದರು. ಸಂಡೂರಿನ ಕಡೆಯಿಂದ ಅದಿರು ತುಂಬಿಕೊಂಡು ಘಾಟಿ ಇಳಿದು ಮಂಗಳೂರು ಬಂದರಿಗೆ ಸುರಿದು ಬರುವ ಕೆಲಸ. ಸೊಂಟನೋವಿಗೆ ಡ್ರೈವರುಗಳೆಲ್ಲ ನುಂಗುವ ಮಾತ್ರೆಯನ್ನು ಇವರೂ ಪುಟಾಣಿ ತಿಂದ ಹಾಗೆ ವರ್ಷಗಟ್ಟಲೆ ತಿಂದರು. ಬಿ.ಪಿ. ಇದೆ ಎಂದು ಗೊತ್ತಾಗುವಷ್ಟರಲ್ಲಿ ಕಿಡ್ನಿ ಎರಡೂ ಕೈಕೊಟ್ಟಿದ್ದವು. ಆಮೇಲೆ ವಾರಕ್ಕೆ ಮೂರು ಸಲ ಕೂಡ್ಲಿಗಿಯಲ್ಲಿ ಡಯಾಲಿಸಿಸ್. ಮೈಯ ರಕ್ತವನ್ನೆಲ್ಲ ಯಂತ್ರಕ್ಕೆ ಹಾಯಿಸಿ, ತೊಳೆದು, ತಿರುಗಿ ಮೈಗೆ ಬಿಡುವ ಕೆಲಸ ಅದು. ಬೆಳಿಗ್ಗೆ ಹೋದರೆ ಮಧ್ಯಾಹ್ನಕ್ಕೆ ಹಿಂಡಿದ ಬಟ್ಟೆಯ ಹಾಗೆ ವಾಪಸು ಬರುತ್ತಿದ್ದರು.

ಉಪ್ಪು ಬಂದ್, ನೀರು ಬಂದ್. ಉಪ್ಪು ತಿಂದರೆ ದಾಹ, ದಾಹವಾದರೆ ನೀರು, ಕುಡಿದ ನೀರು ಹೊರಗೆ ಹೋಗಲು ದಾರಿಯಿಲ್ಲ. ಅದು ಮೈಯಲ್ಲೇ ನಿಂತು ಕಾಲು ಬಾತು, ಎದೆಗೆ ಏರಿ, ಉಸಿರು ಕಟ್ಟಿಸುತ್ತದೆ. ಡಾಕ್ಟರು ಒಂದು ಸಣ್ಣ ತಂಬಿಗೆಯ ಅಳತೆ ಹೇಳಿದ್ದರು. ಇಡೀ ದಿನಕ್ಕೆ ಅಷ್ಟೇ. ಚಹಾ, ಸಾರು, ಮಾತ್ರೆ ನುಂಗುವ ಗುಟುಕು ಎಲ್ಲ ಅದರಲ್ಲೇ ಲೆಕ್ಕ. ಡ್ಯೂಟಿಗೆ ಹೋಗುವ ಮುಂಚೆ ಆ ತಂಬಿಗೆ ತುಂಬಿ ಇವರ ಮಂಚದ ಪಕ್ಕ ಇಡುತ್ತಿದ್ದೆ. ಕೊಟ್ಟೂರಿನ ಬೇಸಿಗೆಯಲ್ಲಿ ಒಂದು ತಂಬಿಗೆ ನೀರು ಎಂದರೆ ಏನು ಎಂದು ಇಲ್ಲಿಯವರಿಗೆ ನಾನು ಹೇಳಬೇಕಾಗಿಲ್ಲ.

ಉಪ್ಪಿಲ್ಲದ ಅಡುಗೆಯನ್ನು ಮೂವರೂ ತಿಂದೆವು, ಇವರೊಬ್ಬರಿಗೇ ಸಪ್ಪೆ ಬಡಿಸಲು ಮನಸ್ಸು ಬರಲಿಲ್ಲ. ಅತ್ತೆ ಮೊದಮೊದಲು ರೊಟ್ಟಿ ಮುರಿಯುತ್ತ ಅಳುತ್ತಿದ್ದರು. “ಉಪ್ಪಿಗಿಂತ ರುಚಿ ಇಲ್ಲ, ತಾಯಿಗಿಂತ ಬಂಧು ಇಲ್ಲ ಅಂತಾರ. ಉಪ್ಪು ನೀವು ಕಸ್ಗಂಡ್ರಿ. ಇನ್ನ ನಾನೊಬ್ಬಾಕಿ ಉಳಿದೀನಿ” ಎಂದು ಒಂದು ದಿನ ಅಂದರು. ಆ ಮಾತು ನಾನು ಮರೆತಿಲ್ಲ.

ಹೋದ ಬೇಸಿಗೆಯ ಶುರುವಿನಲ್ಲಿ ಇವರು ಸಾಕು ಎಂದರು. ಬೆಳಿಗ್ಗೆ ಎಬ್ಬಿಸಿದರೆ ಗೋಡೆಯ ಕಡೆ ಹೊರಳಿ ಮಲಗಿದರು. “ನಾ ಒಲ್ಲೆ. ಹೋಗೋದು, ಬರೋದು, ಮತ್ತ ಹೋಗೋದು. ಇದು ಬದುಕಲ್ಲ.” ಅತ್ತೆ ಕಾಲು ಹಿಡಿದರು. ನಾನು ಬೈದೆ. ಏನೇನು ಬೈದೆನೋ, ಓಣಿಯವರೆಲ್ಲ ಕೇಳಿಸಿಕೊಂಡರು. ಡಯಾಲಿಸಿಸ್ ಬಿಟ್ಟರೆ ಹೆಚ್ಚು ದಿನ ಉಳಿಯುವುದಿಲ್ಲ ಎಂದು ಡಾಕ್ಟರು ಮುಖಕ್ಕೆ ಮುಖ ಕೊಟ್ಟು ಹೇಳಿದ್ದರು. ಆವತ್ತು ಹೇಗೋ ಎಳೆದುಕೊಂಡು ಹೋದೆ. ಮುಂದಿನ ಸಲ ಎಳೆಯುವುದು ಹೇಗೆ ಎಂಬುದೇ ನನಗೆ ಚಿಂತೆಯಾಯಿತು.

ಮನೆಯ ಪಡಸಾಲೆಯಲ್ಲಿ ಒಂದು ಮೀನಿನ ತೊಟ್ಟಿ ಇತ್ತು. ಹರಪನಹಳ್ಳಿಯ ಒಂದು ಖಾನಾವಳಿ ಮುಚ್ಚಿದಾಗ ಅದರ ಗಲ್ಲಾದ ಪಕ್ಕದಲ್ಲಿದ್ದ ಗಾಜಿನ ತೊಟ್ಟಿಯನ್ನು ಇವರ ಗೆಳೆಯನೊಬ್ಬ ತಂದುಕೊಟ್ಟಿದ್ದ, ಹೊತ್ತು ಹೋಗಲಿ ಎಂದು. ಅದರಲ್ಲಿ ನಾಲ್ಕಾರು ಗೋಲ್ಡ್ ಫಿಶ್ ಬಾಯಿ ತೆರೆಯುತ್ತ ಮುಚ್ಚುತ್ತ ತಿರುಗುತ್ತಿದ್ದವು. ಆ ಸಂಜೆ ಇವರು ಅದನ್ನೇ ನೋಡುತ್ತ ಮಲಗಿದ್ದವರು ಇದ್ದಕ್ಕಿದ್ದಂತೆ ಕೇಳಿದರು:

“ಏ, ಇದನ್ನ ಸಮುದ್ರ ಮಾಡಿದ್ರ ಹೆಂಗ?”

ಇವರಿಗೆ ತಲೆ ಕೆಟ್ಟಿದೆ ಅನ್ನಿಸಿತು ನನಗೆ. ಇವರು ಫೋನಿನಲ್ಲಿ ತೋರಿಸಿದರು. ಸಿಹಿನೀರಿನ ತೊಟ್ಟಿಯನ್ನು ತೊಳೆದು, ಸಮುದ್ರದ ಉಪ್ಪು ಕಲಸಿ, ಸಮುದ್ರದ ಮೀನನ್ನೇ ಸಾಕುತ್ತಾರಂತೆ. ಬೆಂಗಳೂರಿನ ಅಂಗಡಿಯವನ ಹತ್ತಿರ ಮಾತೂ ಆಡಿಬಿಟ್ಟಿದ್ದರು.

“ಮದುವ್ಯಾದಾಗ ನಿನಗ ಸಮುದ್ರ ತೋರಸ್ತೀನಿ ಅಂದಿದ್ನೆಲ್ಲ” ಎಂದರು.

ಹೌದು, ಅಂದಿದ್ದರು. ಬಂದರಿನಲ್ಲಿ ಅದಿರು ಸುರಿದ ಮೇಲೆ ಲಾರಿ ನಿಲ್ಲಿಸಿ ನೀರಿನ ದಂಡೆಗೆ ಹೋಗಿ ಕೂತು ನನಗೆ ಫೋನು ಮಾಡುತ್ತಿದ್ದರು. ಅಲೆಯ ಸದ್ದು ಕೇಳು ಎಂದು ಫೋನನ್ನು ಆ ಕಡೆ ಹಿಡಿಯುತ್ತಿದ್ದರು. ನನಗೆ ಬರೀ ಗಾಳಿ ಕೇಳಿಸುತ್ತಿತ್ತು. ನನಗೆ ರಜೆ ಸಿಕ್ಕಾಗ ಇವರಿಗೆ ಲೋಡು, ಇವರಿಗೆ ಬಿಡುವಾದಾಗ ನನಗೆ ಡ್ಯೂಟಿ. ಹಾಗೇ ಹೋಯಿತು. ಈಗ ಎರಡು ದಿನ ಊರು ಬಿಡುವ ಹಾಗಿಲ್ಲ, ಯಂತ್ರ ಇಲ್ಲಿದೆ. ನಾನು ಇವತ್ತಿಗೂ ಸಮುದ್ರ ನೋಡಿಲ್ಲ.

“ಆತು, ಮಾಡ್ರಿ. ಆದ್ರ ಒಂದು ಮಾತು. ಸಮುದ್ರ ಆಗೋತನಕ ಒಂದು ಸಲಾನೂ ಕೂಡ್ಲಿಗಿ ತಪ್ಪಿಸಂಗಿಲ್ಲ.”

“ಆದಮ್ಯಾಲ?”

“ಆದಮ್ಯಾಲ ಮೀನಿಗೆ ಕೂಳು ಹಾಕೋರು ಯಾರು? ನಾನಂತೂ ಅಲ್ಲ.”

ನಕ್ಕರು. ಎಷ್ಟೋ ತಿಂಗಳ ಮೇಲೆ ಇವರ ಹಲ್ಲು ನೋಡಿದೆ. ಮುಂದಿನ ಸಲ ನಾನು ಎಬ್ಬಿಸುವ ಮುಂಚೆಯೇ ಎದ್ದು ಅಂಗಿ ತೊಟ್ಟು ಕೂತಿದ್ದರು.

ಗೋಲ್ಡ್ ಫಿಶ್‌ಗಳನ್ನು ಹಿತ್ತಲಿನ ಸಿಮೆಂಟ್ ತೊಟ್ಟಿಗೆ ಬಿಟ್ಟೆವು. ಪಾತ್ರೆ ತೊಳೆಯುವ ನೀರಿನ ತೊಟ್ಟಿ ಅದು, ಪಾಚಿ ಹಿಡಿದದ್ದು, ಬೆಕ್ಕು ಕಾಗೆ ಎಲ್ಲ ಬರುವ ಜಾಗ. ನಾಳೆಗೆ ಇವು ಇರುವುದಿಲ್ಲ ಎಂದುಕೊಂಡೆ. ಗಾಜಿನ ತೊಟ್ಟಿಯನ್ನು ಇವರು ಕೂತಲ್ಲೇ ಉಜ್ಜಿ ಉಜ್ಜಿ ತೊಳೆದರು. ಬಿಳಿ ಮರಳು ಬಂತು, ತೂತು ತೂತಾದ ಹಗುರ ಕಲ್ಲುಗಳು ಬಂದವು, ನೀರು ತಿರುಗಿಸುವ ಸಣ್ಣ ಪಂಪು ಬಂತು. ಇವರ ಮಂಚದ ಮೇಲೆ ಗಾಳಿ ಬೀಸುತ್ತಿದ್ದ ಟೇಬಲ್ ಫ್ಯಾನು ತೊಟ್ಟಿಯ ಕಡೆ ತಿರುಗಿತು, ನೀರು ಬಿಸಿಯಾದರೆ ಸಮುದ್ರದ ಮೀನು ತಾಳುವುದಿಲ್ಲವಂತೆ.

ನಮ್ಮ ಬೋರಿನ ಸವಳು ನೀರು ಇದಕ್ಕೆ ಆಗುವುದಿಲ್ಲ. ಕಾಯಿನ್ ಹಾಕಿ ಹಿಡಿಯುವ ಫಿಲ್ಟರ್ ನೀರೇ ಬೇಕು. ಕ್ಯಾನುಗಳನ್ನು ಸಾಲಾಗಿ ಇಟ್ಟುಕೊಂಡು ನಿಂತರೆ ಹಿಂದಿನಿಂದ ಒಬ್ಬಾಕಿ, “ಮನಿಷಾರಿಗೇ ನೀರಿಲ್ಲ, ಮೀನಿಗೆ ಫಿಲ್ಟರ್ ನೀರಂತ” ಎಂದಳು. ನಾನು ತಿರುಗಿ, “ನಿನ್ನ ಪಾಳಿ ಬಂದಾಗ ನೀನು ಎಮ್ಮಿಗೆ ಕುಡಿಸವಾ, ಯಾರು ಬ್ಯಾಡಂತಾರ” ಎಂದೆ. ಒಳಗೊಳಗೆ ಮಾತ್ರ ಆಕೆ ಹೇಳಿದ್ದು ಸರಿಯೇ ಅನ್ನಿಸಿತ್ತು.

ಉಪ್ಪು ಕಲಸಿದ ದಿನ ಇವರು ಮಗುವಿನ ಹಾಗೆ ಆಡಿದರು. ಉಪ್ಪು ಅಳೆಯಲು ಒಂದು ಪ್ಲಾಸ್ಟಿಕ್ ಡಬ್ಬಿ ಬಂದಿತ್ತು, ನೀರು ತುಂಬಿದರೆ ಅದರೊಳಗಿನ ಮುಳ್ಳು ಏಳುತ್ತದೆ. ಮುಳ್ಳು ಸರಿಯಾದ ಗೆರೆಗೆ ಬರುವವರೆಗೆ ಹಾಕಿ, ಕಲಸಿ, ಮತ್ತೆ ಹಾಕಿದರು. ಆಮೇಲೆ ಬೆರಳು ಅದ್ದಿ ಬಾಯಿಯ ಹತ್ತಿರ ತಂದರು. ನಾನು ಗಪ್ಪನೆ ಕೈ ಹಿಡಿದೆ. ಇವರು ಆ ಬೆರಳನ್ನು ನನ್ನ ಬಾಯಿಗೆ ಇಟ್ಟರು.

“ಹಿಂಗ ಇರ್ತೈತಿ ನೋಡು ಸಮುದ್ರ.”

ವರ್ಷದ ಮೇಲೆ ನಾಲಿಗೆಗೆ ಉಪ್ಪು ತಾಗಿತ್ತು. ಬಸ್ಸಿನಲ್ಲಿ ಬೇಕಾದಷ್ಟು ಮಿರ್ಚಿ ಮಂಡಕ್ಕಿ ಘಮಘಮ ಎಂದರೂ ನಾನು ಮುಟ್ಟಿರಲಿಲ್ಲ. ನನಗೆ ಅಳು ಬಂತು. ಅಷ್ಟು ರುಚಿಯಾಗಿತ್ತು, ಅದಕ್ಕೇ ಅಳು ಬಂತು.

ಉಪ್ಪುನೀರು ತುಂಬಿದ ಕೂಡಲೇ ಮೀನು ಬಿಡುವ ಹಾಗಿಲ್ಲ. ಒಂದು ಸತ್ತ ಸೀಗಡಿಯನ್ನು ತೊಟ್ಟಿಯಲ್ಲಿ ಹಾಕಿ ಕೊಳೆಯಲು ಬಿಡಬೇಕು. ಕೊಳೆತದ್ದನ್ನು ತಿನ್ನುವ, ಕಣ್ಣಿಗೆ ಕಾಣದ ಜೀವಗಳು ಹುಟ್ಟಿ, ಕಲ್ಲುಗಳಲ್ಲಿ ನೆಲೆ ನಿಲ್ಲಬೇಕು. ಇದಕ್ಕೆ ವಾರಗಟ್ಟಲೆ ಕಾಯಬೇಕು. ಪಡಸಾಲೆಯಲ್ಲಿ ಸಣ್ಣಗೆ ನಾತ ಶುರುವಾಯಿತು. ಅತ್ತೆ ಸೆರಗು ಮೂಗಿಗೆ ಹಿಡಿದು, “ಬದುಕಾವು ಬರಾಕ ಮೊದ್ಲ ಸತ್ತದ್ದು ಇಡಬೇಕೇನು? ಇದೆಂಥಾ ಶಾಸ್ತ್ರ!” ಎಂದರು. ನನಗೆ ಮಾತ್ರ ಆ ನಾತ ಹಿತವಾಗಿತ್ತು. ಸೀಗಡಿ ಎಷ್ಟು ನಿಧಾನ ಕೊಳೆತರೆ ಅಷ್ಟು ದಿನ ಇವರು ಕೂಡ್ಲಿಗಿಗೆ ಹೋಗುತ್ತಾರೆ.

ಹೋಗುತ್ತಿದ್ದರು. ಆದರೆ ಅಲ್ಲಿ ಒಂದು ವಿಚಿತ್ರ ನಡೆಯುತ್ತಿತ್ತು. ಹೋದ ತಕ್ಷಣ ತೂಕದ ಯಂತ್ರದ ಮೇಲೆ ನಿಲ್ಲಿಸುತ್ತಾರೆ. ಹಿಂದಿನ ಸಲ ಎದ್ದು ಹೋದಾಗಿನ ತೂಕಕ್ಕಿಂತ ಎಷ್ಟು ಹೆಚ್ಚಿದೆಯೋ ಅಷ್ಟೂ ಮೈಯಲ್ಲಿ ನಿಂತ ನೀರು. ಇವರ ತೂಕ ಪ್ರತಿ ಸಲ ಇರಬೇಕಾದ್ದಕ್ಕಿಂತ ಎಷ್ಟೋ ಹೆಚ್ಚಿರುತ್ತಿತ್ತು. “ಅಕ್ಕಾರ, ಅಣ್ಣಗ ಎಷ್ಟು ನೀರು ಕೊಡ್ತೀರಿ?” ಎಂದು ಸಿಸ್ಟರು ನನ್ನನ್ನೇ ಕೇಳಿದಳು. ನನಗೆ ಉರಿದುಹೋಯಿತು. ತಂಬಿಗೆಯಲ್ಲಿ ಸಂಜೆಗೆ ಎರಡು ಗುಟುಕು ಉಳಿದಿರುತ್ತಿತ್ತು, ನಾನೇ ಕಣ್ಣಾರೆ ನೋಡುತ್ತಿದ್ದೆ. ಕೂಡ್ಲಿಗಿಯ ಚಹಾದಂಗಡಿಯವನನ್ನು ವಿಚಾರಿಸಿದೆ. ಇವರನ್ನು ಬೈದೆ. “ಅವರ ಯಂತ್ರ ಕೆಟ್ಟೈತಿ” ಎಂದು ಇವರು ಮುಖ ಬೇರೆ ಕಡೆ ಮಾಡಿದರು. ಇಲ್ಲ, ಯಂತ್ರ ಸರಿ ಇತ್ತು.

ಮಳೆಗಾಲ ಶುರುವಾಗುವ ಹೊತ್ತಿಗೆ ಮೀನು ಬಂದವು. ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ, ಥರ್ಮೋಕೋಲ್ ಡಬ್ಬಿಯೊಳಗೆ, ಒಂದು ಜೋಡಿ ಕಿತ್ತಳೆ ಬಣ್ಣದ ಮೀನು, ಮೈಮೇಲೆ ಬಿಳಿ ಪಟ್ಟಿ. ಇನ್ನೊಂದು ಚೀಲದಲ್ಲಿ ಒಂದು ಸೀಗಡಿ, ಬೆನ್ನು ಕೆಂಪು, ಮೀಸೆ ಬಿಳಿ. ಈ ಸಲ ಜೀವಂತ ಇದ್ದದ್ದು. ನಮ್ಮ ಓಣಿಯ ಮಕ್ಕಳು, ದೊಡ್ಡವರು, ಹಿಂದಿನ ಓಣಿಯ ವೆಲ್ಡಿಂಗ್ ಅಂಗಡಿಯ ಸಾಬರ ಮನೆಯ ಹೆಂಗಸರು, ಎಲ್ಲ ಬಂದು ನೋಡಿ ಹೋದರು. ಇವರು ಮಂಚದ ಮೇಲೆ ಕೂತು ಮಂಗಳೂರಿನ ದಂಡೆಯ ಕಥೆ ಹೇಳಿದರು. ಅತ್ತೆಯಂತೂ ಆ ಮೀನುಗಳಿಗೆ ಕೂಸು ಎಂದೇ ಕರೆಯತೊಡಗಿದರು. “ನನ್ನ ಮಗನ್ನ ಹಿಡಕಂಡು ಕುಂತಾವ ನೋಡವಾ ಈ ಕೂಸು” ಎಂದು ನನ್ನ ಕಿವಿಯಲ್ಲಿ ಹೇಳಿದರು. ಅತ್ತೆಗೂ ಅದು ಗೊತ್ತಾಗಿತ್ತು.

ಈಗ ಅತ್ತೆಯ ಹಂಡೆಯ ವಿಷಯ ಹೇಳಬೇಕು. ಅಡುಗೆಮನೆಯ ಮೂಲೆಯಲ್ಲಿ ಹುಲ್ಲಿನ ಸಿಂಬಿಯ ಮೇಲೆ ಕೂತಿರುವ ತಾಮ್ರದ ಹಂಡೆ. ಅತ್ತೆ ಮದುವೆಯಾಗಿ ಗುಡೇಕೋಟೆಯಿಂದ ಬರುವಾಗ ತವರಿನವರು ಕೊಟ್ಟದ್ದು. ವಾರಕ್ಕೊಮ್ಮೆ ಹುಣಸೆಹಣ್ಣು ಹಚ್ಚಿ ಒಳಗೂ ಹೊರಗೂ ಬೆಳಗುತ್ತಾರೆ, ಮುಖ ಕಾಣುತ್ತದೆ. ಫಿಲ್ಟರ್ ನೀರು ತಂದ ಕೂಡಲೇ ಅದಕ್ಕೆ ಸುರಿದುಬಿಡಬೇಕು. ಪ್ಲಾಸ್ಟಿಕ್ ಕ್ಯಾನಿನ ನೀರು ಅತ್ತೆಯ ಲೆಕ್ಕದಲ್ಲಿ ನೀರೇ ಅಲ್ಲ. ರಾತ್ರಿಯೆಲ್ಲ ತಾಮ್ರದಲ್ಲಿ ನಿಂತ ನೀರು ಹೊಟ್ಟೆಗೆ ಒಳ್ಳೆಯದು, ಮೈಯೊಳಗಿನ ಕೆಟ್ಟದ್ದನ್ನೆಲ್ಲ ತೊಳೆಯುತ್ತದೆ ಎಂಬುದು ಅವರ ನಂಬಿಕೆ. ಅವರದೊಂದೇ ಏನು, ನಮ್ಮ ಕಡೆ ಯಾವ ಮನೆಯಲ್ಲಿ ಕೇಳಿದರೂ ಇದನ್ನೇ ಹೇಳುತ್ತಾರೆ.

ಮೀನಿನ ತೊಟ್ಟಿಯ ನೀರನ್ನು ಆಗಾಗ ಒಂದಷ್ಟು ತೆಗೆದು ಹೊಸ ಉಪ್ಪುನೀರು ಹಾಕಬೇಕು. ಅದನ್ನು ಹಿಂದಿನ ದಿನವೇ ಕಲಸಿ ರಾತ್ರಿಯೆಲ್ಲ ನಿಲ್ಲಿಸಿಡಬೇಕು. ಇವರು ಒಂದು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕಲಸಿಡುತ್ತಿದ್ದರು. ಒಂದು ಸಲ ಡಯಾಲಿಸಿಸ್‌ನಿಂದ ಬಂದವರು ಎದ್ದು ಕೂರಲೂ ಆಗದೆ, “ಅವ್ವಾ, ಉಪ್ಪು ಅಳತಿ ಮಾಡಿ ಇಟ್ಟೀನಿ, ನೀರಿಗೆ ಹಾಕಿ ನಿಲ್ಲಿಸಿ ಇಡಬೇ” ಎಂದು ಹೇಳಿ ಕಣ್ಣು ಮುಚ್ಚಿದರು. ರಾತ್ರಿ ನಿಲ್ಲಿಸಿದ ನೀರು ಎಂದರೆ ಅತ್ತೆಗೆ ಒಂದೇ ಅರ್ಥ. ಮಗನ ಜೀವ ಹಿಡಿದುಕೊಂಡ ಕೂಸುಗಳಿಗೆ ಪ್ಲಾಸ್ಟಿಕ್ ಡ್ರಮ್ಮಿನ ನೀರು ಹಾಕುವುದೇ? ಅವತ್ತೇ ಬೆಳಗಿದ್ದ ಹಂಡೆಗೆ ಅಷ್ಟೂ ಉಪ್ಪು ಸುರಿದು ಕಲಸಿಟ್ಟರು. ಮಾರನೆಯ ಬೆಳಿಗ್ಗೆ ನಾನು ಡ್ಯೂಟಿಗೆ ಹೋದ ಮೇಲೆ, ಮಗ ಇನ್ನೂ ಮಲಗಿದ್ದಾನೆ, ಏಳುವಷ್ಟರಲ್ಲಿ ಕೆಲಸ ಮುಗಿಸೋಣ ಎಂದು ತೊಟ್ಟಿಯ ನೀರು ತೆಗೆದು ಹಂಡೆಯ ನೀರನ್ನು ಚೆಂಬಿನಿಂದ ಮೆಲ್ಲಗೆ ಹಾಕಿದರು.

ಸಂಜೆ ಮನೆಗೆ ಬಂದಾಗ ಪಂಪಿನ ಸದ್ದು ಇರಲಿಲ್ಲ, ಇವರೇ ಬಂದ್ ಮಾಡಿದ್ದರು. ಸೀಗಡಿ ಮರಳಿನ ಮೇಲೆ ಅಂಗಾತ ಬಿದ್ದಿತ್ತು. ಮೀನುಗಳು ಒಂದರ ಪಕ್ಕ ಒಂದು ಹೊರಳಿದ್ದವು, ಬಣ್ಣ ಅದೇ ಕಿತ್ತಳೆ. ಇವರು ಗಾಜಿಗೆ ಹಣೆ ಹಚ್ಚಿಕೊಂಡು ಕೂತಿದ್ದರು. ನನ್ನನ್ನು ಕಂಡು ಹತ್ತಿರ ಕರೆದು ಮೆತ್ತಗೆ ಹೇಳಿದರು:

“ಹಂಡ್ಯಾಗ ಕಲಸ್ಯಾಳ. ಉಪ್ಪುನೀರು ತಾಮ್ರ ತಿಂದೈತಿ, ಒಳಗ ಹಸರು ಗೆರಿ ಬಿದ್ದೈತಿ ಹೋಗಿ ನೋಡು. ತಾಮ್ರ ಅಂದ್ರ ಇವಕ್ಕ ವಿಷ. ಆಕಿ ಮುಂದ ಅನ್ನಬ್ಯಾಡ.”

ನಾನು ಅನ್ನಬೇಕು ಎಂದೇ ಅಡುಗೆಮನೆಗೆ ಹೊರಟಿದ್ದೆ. ಅಷ್ಟರಲ್ಲಿ ಅತ್ತೆಯೇ ಹೊರಗೆ ಬಂದು ತೊಟ್ಟಿಯ ಮುಂದೆ ಕೂತು ಎದೆ ಬಡಿದುಕೊಂಡರು.

“ನೀರಿನ್ಯಾಗ ಏನೂ ಇರಲಿಲ್ಲೋ ಯಪ್ಪಾ. ದಿನಾ ನಿನಗ ಕೊಡೋ ನೀರೇ ಹಾಕೀನಿ. ನೀನು ಮೂರು ಹೊತ್ತು ಕುಡಿಯೋ ಅದೇ ಹಂಡಿ ನೀರು.”

ನಾನು ಇವರ ಮುಖ ನೋಡಿದೆ. ಇವರು ತಲೆ ತಗ್ಗಿಸಿದರು. ತೂಕದ ಯಂತ್ರ ಇಷ್ಟು ದಿನ ಹೇಳುತ್ತಿದ್ದದ್ದು ಇದು. ನಾನು ಬಾಗಿಲು ದಾಟುವುದೇ ತಡ, ಅತ್ತೆ ಹಂಡೆಯಿಂದ ದೊಡ್ಡ ಲೋಟದ ತುಂಬ ತಂದು ಕೊಡುತ್ತಿದ್ದರು, ಇವರು ಕುಡಿಯುತ್ತಿದ್ದರು. ನನ್ನ ತಂಬಿಗೆ ಹಾಗೇ ಉಳಿಯುತ್ತಿತ್ತು.

ಇವರನ್ನು ಹಿತ್ತಲಿಗೆ ಕರೆದುಕೊಂಡು ಹೋದೆ. “ಬ್ಯಾಡ ಅನ್ನಾಕ ನಿಮಗ ಬಾಯಿ ಇರಲಿಲ್ಲೇನ್ರಿ?”

“ಬಾಯಿ ಒಣಗಿತ್ತಲ್ಲ” ಎಂದರು. ಸಿಮೆಂಟ್ ತೊಟ್ಟಿಯ ಅಂಚಿನ ಮೇಲೆ ಕೂತು, “ಆಕಿ ಹತ್ರ ನನಗ ಕೊಡಾಕ ಬ್ಯಾರೆ ಏನೈತಿ?” ಎಂದರು.

“ಇದರಿಂದ ಸಾಯ್ತೀರಿ.”

“ಗೊತ್ತೈತಿ. ಆಕಿಗೆ ಗೊತ್ತಿಲ್ಲ. ಗೊತ್ತಾಗೋದು ಬ್ಯಾಡ.” ನನ್ನ ಕೈ ತೆಗೆದುಕೊಂಡು ತಮ್ಮ ತಲೆಯ ಮೇಲೆ ಇಟ್ಟುಕೊಂಡರು. ನಾನು ಹೂಂ ಅನ್ನುವವರೆಗೂ ಬಿಡಲಿಲ್ಲ.

ಅತ್ತೆಗೆ ನಾನು ಇಷ್ಟೇ ಹೇಳಿದೆ: “ಡಾಕ್ಟರು ಬೈದಾರ, ಇನ್ನಮ್ಯಾಲ ತಂಬಿಗಿ ನೀರು ಬಿಟ್ಟು ಬ್ಯಾರೆ ಒಂದು ಗುಟುಕು ಕೊಡಬ್ಯಾಡ್ರಿ.” ದೊಡ್ಡ ಜಗಳವಾಗುತ್ತದೆ ಎಂದುಕೊಂಡಿದ್ದೆ. ಸಾಯುವವರ ಬಾಯಿಗೂ ನೀರು ಬಿಡುತ್ತಾರೆ, ಬದುಕಿದ ಮಗನಿಗೆ ಕೊಟ್ಟರೆ ಪಾಪವೇ ಎಂದು ಅವರು ಹಿಂದೆ ಒಮ್ಮೆ ನನ್ನನ್ನು ಬೈದಿದ್ದುಂಟು. ಈ ಸಲ ಏನೂ ಅನ್ನಲಿಲ್ಲ. ಎರಡು ದಿನ ಬಿಟ್ಟು ನೋಡಿದರೆ ಹಂಡೆ ಹಿತ್ತಲಿನಲ್ಲಿ ಬೋರಲಾಗಿತ್ತು, ನೀರು ಕ್ಯಾನಿನಲ್ಲೇ ಇತ್ತು. ನನ್ನ ಮಾತಿಗೆ ಬೆಲೆ ಬಂತು ಎಂದುಕೊಂಡೆ.

ಅಂಗಡಿಯವನಿಗೆ ಇವರು ಫೋನು ಮಾಡಿ ಕೇಳಿದ್ದರು. ಸ್ಪೀಕರ್ ಹಾಕಿ ಮಾತಾಡುವುದು ಇವರ ಲಾರಿಯ ಕಾಲದ ಚಾಳಿ. ಮೀನನ್ನು ಕೊಂದದ್ದು ತಾಮ್ರದ ವಿಷವೇ, ಅದು ಕಲ್ಲಿಗೂ ಮರಳಿಗೂ ಹತ್ತಿಬಿಟ್ಟಿರುತ್ತದೆ, ಎಲ್ಲ ಬಿಸಾಕಿ ಮೊದಲಿನಿಂದ ಮಾಡಬೇಕು ಎಂದು ಅವನು ಹೇಳಿದ. ಇವರು ಸರಿ ಎಂದು ಇಟ್ಟರು. ಮತ್ತೆ ಮಾಡೋಣ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. “ಸಮುದ್ರ ಆತಲ್ಲ. ನಿನ್ನ ಮಾತು ತೀರ್ತು” ಎಂದರು.

ಆಮೇಲೆ ಒಂದು ಸಲ ಹೋದರೆ ಒಂದು ಸಲ ಇಲ್ಲ. ಡಾಕ್ಟರು ನನ್ನನ್ನು ಒಬ್ಬಳನ್ನೇ ಕರೆದು, ತಿಂಗಳುಗಟ್ಟಲೆ ನೀರು ಹೆಚ್ಚಾಗಿ ಹೆಚ್ಚಾಗಿ ಹೃದಯ ಸೋತುಹೋಗಿದೆ ಎಂದರು. ಇವರನ್ನು ಬೈದೆ, ಕಣ್ಣೀರು ಹಾಕಿದೆ, ಕಾಲಿಗೆ ಬಿದ್ದೆ. ನನ್ನ ಬಾಯಿ ಬಸ್ಸಿನ ತುಂಬ ಜನರನ್ನು ಅಂಕೆಯಲ್ಲಿ ಇಡುತ್ತದೆ, ಇವರೊಬ್ಬರನ್ನು ಮಂಚದಿಂದ ಎಬ್ಬಿಸಲು ಆಗಲಿಲ್ಲ.

ನನಗೆ ವಾರದ ರಜೆ ಇದ್ದ ದಿನ, ಬೆಳಿಗ್ಗೆ, ಇವರಿಗೆ ಉಸಿರು ಹತ್ತಿತು. ಕೂತರೂ ಆಗದು, ಮಲಗಿದರೂ ಆಗದು. ಆಸ್ಪತ್ರೆಯ ಗಾಡಿಗೆ ಫೋನು ಮಾಡಿದೆವು. ಗಾಡಿ ಬರುವ ಮುಂಚೆಯೇ ಇವರ ಕಣ್ಣು ಮೇಲಾದವು.

ಓಣಿಯ ಜನ ಸೇರಿದ್ದರು. ಹಿರಿಯರೊಬ್ಬರು, “ಯವ್ವಾ, ಮಗನ ಬಾಯಿಗೆ ನೀರು ಬಿಡು, ಹೋಗ್ತಾನ” ಎಂದು ಅತ್ತೆಯ ಕೈಗೆ ಲೋಟ ಕೊಟ್ಟರು. ಅತ್ತೆ ಲೋಟ ಹಿಡಿದುಕೊಂಡು ನಿಂತರು. ಮಗನ ಬಾಯಿ ನೋಡಿದರು. ಆಮೇಲೆ ಲೋಟವನ್ನು ನನ್ನ ಕೈಗಿಟ್ಟು ಹಿಂದೆ ಹಿಂದೆ ಸರಿದು ಗೋಡೆಗೆ ಹತ್ತಿಕೊಂಡರು. “ನಾ ಒಲ್ಲೆ. ನಾ ಕೊಡಂಗಿಲ್ಲ” ಎಂದರು. ಹೆತ್ತವಳು ಹೀಗೆ ಮಾಡುತ್ತಾಳೆಯೇ ಎಂದು ಜನ ಗುಸುಗುಸು ಅಂದರು. ನನಗೂ ಅವತ್ತು ಅವರ ಮೇಲೆ ಕೆಟ್ಟ ಸಿಟ್ಟು ಬಂತು. ಬೇಡ ಎಂದಾಗ ಲೋಟಗಟ್ಟಲೆ ಕೊಟ್ಟವರು ಕಡೆಯ ಒಂದು ಚಮಚ ಕೊಡಲಿಲ್ಲವಲ್ಲ ಎಂದು. ನಾನೇ ಬಿಟ್ಟೆ. ನೀರು ಕಟಬಾಯಿಯಿಂದ ಹೊರಗೆ ಇಳಿಯಿತು.

ದಿನಕರ್ಮ ಮುಗಿದು ನೆಂಟರೆಲ್ಲ ಹೋದರು. ಅತ್ತೆ ಊಟ ಬಿಟ್ಟರು, ನೀರನ್ನೂ ಸರಿಯಾಗಿ ಕುಡಿಯುತ್ತಿರಲಿಲ್ಲ. ತುಟಿ ಒಡೆದಿತ್ತು. ಉಪ್ಪಿನ ಡಬ್ಬಿಯನ್ನು ಅಟ್ಟದಿಂದ ಇಳಿಸಿ ಸಾರು ಮಾಡಿದೆ, ಮುಟ್ಟಲಿಲ್ಲ. ಒಂದು ಮಧ್ಯಾಹ್ನ ನಾನು ಹಿತ್ತಲಿನಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಸಿಮೆಂಟ್ ತೊಟ್ಟಿಯಲ್ಲಿ ಆ ಗೋಲ್ಡ್ ಫಿಶ್‌ಗಳು ಪಾಚಿ ತಿಂದು ಅಂಗೈ ಅಗಲ ಬೆಳೆದಿದ್ದವು. ಅತ್ತೆ ಬಂದು ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತರು. ಬೋರಲಾಗಿದ್ದ ಹಂಡೆಯ ಕಡೆ ಕೈ ತೋರಿಸಿದರು.

“ಅದನ್ನ ಮಾರಿಬಿಡು. ನನ್ನ ಮಗನ್ನ ತಿಂತು ಅದು.”

“ಏನಂತೀರಿ ಅತ್ತಿ?”

“ಫೋನಿನ್ಯಾಗ ಆ ಮೀನಿನ ಅಂಗಡಿಯಂವ ಹೇಳಿದ್ದು ಕೇಳೀನಿ. ತಾಮ್ರ ವಿಷ, ಮೀನಿನ್ನ ಕೊಂದೈತಿ ಅಂದ. ಆ ಕೂಸು ಒಂದೇ ದಿನಕ್ಕ ಸತ್ತು. ನನ್ನ ಮಗ ಮೂರು ಹೊತ್ತೂ ಅದನ್ನೇ ಕುಡದ. ನಾನೇ ಕುಡಿಸಿದೆ. ಅವತ್ತು ಆ ಲೋಟ ಹಿಡದಾಗ ಕೈ ಮುಂದ ಹೋಗ್ಲಿಲ್ಲವಾ. ಮತ್ತ ನನ್ನ ಕೈಲೆ ವಿಷ ಹಾಕ್ಲೇನು ಅನಿಸ್ತು.” ಅತ್ತೆ ನನ್ನ ಮೊಣಕೈ ಹಿಡಿದರು. “ಖರೇ ಹೇಳು. ಹಂಡಿ ವಿಷಾನೇ ಅಲ್ಲೇನು ಅವನ್ನ ಕೊಂದಿದ್ದು?”

ನನ್ನ ಬಾಯಿಗೆ ಮಾತು ಬಂದಿತ್ತು. ವಿಷವಲ್ಲ ಅತ್ತೆ, ನೀರು, ಬರೀ ನೀರು, ನೀವು ಕೊಟ್ಟ ಲೋಟ. ಡಾಕ್ಟರು ಹೇಳಿದ್ದಾರೆ. ತಿಂಗಳುಗಟ್ಟಲೆ ಎದೆಯಲ್ಲಿ ಇಟ್ಟುಕೊಂಡ ಮಾತು ಅದು, ನಾಲಿಗೆಯ ತುದಿಯವರೆಗೆ ಬಂತು. ಅತ್ತೆಯ ತುಟಿಯಲ್ಲಿ ರಕ್ತ ಒಣಗಿತ್ತು. ಇವರ ತಲೆಯ ಮೇಲೆ ಇಟ್ಟಿದ್ದ ಕೈ ಇದೇ, ಅತ್ತೆ ಹಿಡಿದಿದ್ದ ಕೈ.

ಎದ್ದು ಹಂಡೆ ಎತ್ತಿ ನಿಲ್ಲಿಸಿದೆ. ಹುಣಸೆಹಣ್ಣು ತಂದು ಆ ಹಸಿರು ಗೆರೆ ಹೋಗುವವರೆಗೆ ಉಜ್ಜಿದೆ, ತೊಳೆದೆ, ಮತ್ತೆ ಉಜ್ಜಿದೆ. ಒಳಗೆ ಸಿಂಬಿಯ ಮೇಲೆ ಕೂರಿಸಿ ಕ್ಯಾನಿನ ನೀರು ಸುರಿದೆ. ಬೆಳಗಾಗುವವರೆಗೆ ನಿಲ್ಲಲಿ ಎಂದು ಬಿಟ್ಟೆ. ಬೆಳಿಗ್ಗೆ ಡ್ಯೂಟಿಗೆ ಖಾಕಿ ಅಂಗಿ ತೊಟ್ಟುಕೊಂಡು ಬಂದು ಅತ್ತೆಯ ಎದುರಿಗೆ ಕೂತೆ. ಇವರು ಕುಡಿಯುತ್ತಿದ್ದ ದೊಡ್ಡ ಲೋಟವನ್ನೇ ತುಂಬಿಕೊಂಡು ಒಂದೇ ಉಸಿರಿಗೆ ಕುಡಿದೆ. ಇನ್ನೊಂದು ಲೋಟ ತುಂಬಿ ಅದನ್ನೂ ಕುಡಿದೆ.

“ನೋಡ್ರಿ ಅತ್ತಿ. ಮೀನಿನ ಜೀವ ಬ್ಯಾರೆ, ಮನಿಷಾರ ಜೀವ ಬ್ಯಾರೆ. ಉಪ್ಪು ಕಲಸಿದ್ದಕ್ಕ ಹಂಗಾತು. ಬರೀ ನೀರಿಗೆ ಹಂಡಿ ಏನೂ ಮಾಡಂಗಿಲ್ಲ. ನಿಮ್ಮ ಮಗ ಕಿಡ್ನಿ ಹೋಗಿ ಸತ್ರು, ನಿಮ್ಮ ಹಂಡಿಯಿಂದ ಅಲ್ಲ.”

ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು.

“ಹಂಗಾರ ನಾ ಕೊಟ್ಟ ನೀರು?”

“ಅವರಿಗೆ ದಾಹ ಆಗಿತ್ತು, ಕೊಟ್ರಿ” ಎಂದೆ.

ಲೋಟ ತುಂಬಿ ಮುಂದೆ ಹಿಡಿದೆ. ಅತ್ತೆ ಎರಡೂ ಕೈಯಿಂದ ಇಸಿದುಕೊಂಡು ಗುಟುಕು ಗುಟುಕಾಗಿ ಕುಡಿದರು, ಬಹಳ ದಿನದಿಂದ ದಾಹವಿತ್ತು. ನಾನು ಮತ್ತೆ ತುಂಬಿಕೊಟ್ಟೆ.